ರೊಟ್ಟಿ ಕೇಂದ್ರ ದೊಡ್ಡದು ಮಾಡದಿದ್ದರೆ ನಾನು ಸೋತ ಹಾಗಾ?

ಪ್ರಶ್ನೆ: ಮೇಡಂ, ನಮಸ್ಕಾರ. ನನಗೆ 43 ವರ್ಷ. ಗದಗದಲ್ಲಿ 11 ವರ್ಷದಿಂದ ರೊಟ್ಟಿ ಕೇಂದ್ರ ನಡೆಸುತ್ತಿದ್ದೇನೆ. ಆರು ಜನ ಹೆಣ್ಣುಮಕ್ಕಳು ಕೆಲಸಕ್ಕೆ ಬರುತ್ತಾರೆ. ದಿನಕ್ಕೆ 1,200 ಜೋಳದ ರೊಟ್ಟಿ, ಖಾನಾವಳಿಗಳಿಗೆ ಮತ್ತು ಎರಡು ಹಾಸ್ಟೆಲ್‌ಗೆ. ಒಂದಕ್ಕೆ 7 ರೂಪಾಯಿ. ತಿಂಗಳಿಗೆ 37 ಸಾವಿರ ಉಳಿಯುತ್ತದೆ. ನಮ್ಮ ಮೈದುನನ ಮಗ ಬೆಂಗಳೂರಿನಲ್ಲಿ ಮೂರು ಅಂಗಡಿ ಮಾಡಿದ್ದಾನೆ. ಮದುವೆಗೆ ಹೋಗಲಿ, ಕುಬಸಕ್ಕೆ ಹೋಗಲಿ, "ನೀವಿನ್ನೂ ಅಲ್ಲೇ ಇದ್ದೀರಾ" ಅಂತ ಕೇಳುತ್ತಾರೆ. ಈಗ ಬೆಂಗಳೂರಿನ ಒಬ್ಬ ಡೀಲರ್ ದಿನಕ್ಕೆ 5,000 ರೊಟ್ಟಿ ಬೇಕು ಅನ್ನುತ್ತಿದ್ದಾರೆ. 5 ರೂಪಾಯಿ 50 ಪೈಸೆಗೆ, 45 ದಿನದ ಉದ್ರಿ. ಮಷಿನ್ ಹಾಕಬೇಕು, ಸಾಲ ತೆಗೆಯಬೇಕು. ನನಗೆ ಮನಸ್ಸಿಲ್ಲ. ಆದರೆ ಇದು ಹೆದರಿಕೆಯೋ, ಇಷ್ಟು ಸಾಕು ಅನ್ನುವ ಸಮಾಧಾನವೋ ಗೊತ್ತಾಗುತ್ತಿಲ್ಲ. ನಾನು ಗೆದ್ದೆನೋ ಸೋತೆನೋ ಅಂತ ಯಾವುದನ್ನು ನೋಡಿ ಹೇಳಿಕೊಳ್ಳಲಿ? ಬಡಿದು ಬಡಿದು ಮಣಿಕಟ್ಟು ನೋವು ಬಂದಿದೆ. ಪಂಚಮಿಗೆ ತವರಿಗೆ ಹೋಗಿ ನಾಲ್ಕು ವರ್ಷ ಆಯ್ತು. ಲೆಕ್ಕದ ಪುಸ್ತಕದ ಫೋಟೋ ಕಳಿಸಿದ್ದೇನೆ. ಇನ್ನೊಂದು ಮಾತು, ಈ 11 ವರ್ಷದಲ್ಲಿ ಒಂದು ವಾರವೂ ಯಾರ ಪಗಾರವನ್ನೂ ನಿಲ್ಲಿಸಿಲ್ಲ.

ಉತ್ತರ: ಅಕ್ಕಾ, ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಒಂದು ವಾರವೂ ಯಾರ ಪಗಾರವೂ ನಿಂತಿಲ್ಲ ಅಂತ ಬರೆದಿದ್ದೀರಿ, ಅದೂ ಹೇಳೋದು ಮರೆತು ಆಮೇಲೆ ನೆನಪಾದ ಹಾಗೆ. ನಾನು ಹುಬ್ಬಳ್ಳಿಯಲ್ಲಿ 19 ವರ್ಷದಿಂದ ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ನೋಡುತ್ತಿದ್ದೇನೆ. ಹಿಟ್ಟಿನ ಗಿರಣಿ, ಬೇಕರಿ, ಟೇಲರ್ ಅಂಗಡಿ, ಹಾರ್ಡ್‌ವೇರ್, ಎಲ್ಲ ಥರದವರೂ ಬರುತ್ತಾರೆ. ಖಾನಾವಳಿ, ಹಾಸ್ಟೆಲ್ ಎಲ್ಲ ಬಾಗಿಲು ಹಾಕಿಕೊಂಡಿದ್ದ 2020ರ ಆ ತಿಂಗಳುಗಳಲ್ಲೂ ಆರು ಮನೆಗೆ ಪ್ರತಿ ವಾರ ದುಡ್ಡು ಮುಟ್ಟಿಸಿದ್ದೀರಿ ಅಂದರೆ, ಅದನ್ನು ನೀವು ಎಲ್ಲಿಂದ ಹೊಂದಿಸಿದಿರೋ, ಯಾವ ಬಂಗಾರ ಅಡವಿಟ್ಟಿರೋ ನನಗೆ ಗೊತ್ತಿಲ್ಲ. ಹೀಗೆ ಹೇಳಬಲ್ಲವರು ನನ್ನ ಹತ್ತಿರ ಬರುವವರಲ್ಲಿ ನಾಲ್ಕೈದು ಜನ ಸಿಕ್ಕಾರು. ಮೂರು ಅಂಗಡಿ ಇದ್ದವರೂ ಎಲ್ಲರೂ ಹೇಳಲಾರರು.

ಆದರೆ ಇದನ್ನು ಹೊಗಳಿ ಸುಮ್ನೆ ಬಿಟ್ಟರೆ ನಿಮ್ಮ ಪ್ರಶ್ನೆಗೆ ಉತ್ತರ ಕೊಟ್ಟ ಹಾಗಾಗೋದಿಲ್ಲ.

ನೀವು ಕಳಿಸಿದ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಕೆಂಪು ರಟ್ಟಿನ ಪುಸ್ತಕ, ಹೊಲಿಗೆ ಹತ್ತಿರ ಹಿಟ್ಟು ಕೂತಿದೆ. ಶನಿವಾರದ ಬಟವಾಡೆ ಪುಟ. ಆರು ಹೆಸರು, ಎದುರಿಗೆ ದುಡ್ಡು, ಅದರ ಮುಂದೆ ನಾಲ್ಕು ಸಹಿ, ಎರಡು ಹೆಬ್ಬೆಟ್ಟು. ಅಚ್ಚುಕಟ್ಟಾಗಿದೆ. ನಿಮ್ಮ ಹೆಸರು ಮಾತ್ರ ಆ ಪುಟದಲ್ಲಿ ಇಲ್ಲ. ಹಿಂದಿನ ಪುಟದಲ್ಲೂ ಇಲ್ಲ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಹಿಟ್ಟು ನಾದೋದರಿಂದ ಹಿಡಿದು ಸಂಜೆ ಹಾಸ್ಟೆಲ್ ಬುಟ್ಟಿ ಕಟ್ಟಿಸುವವರೆಗೆ ಅಲ್ಲಿ ಇರುವವರು ನೀವೇ, ಆದರೂ ಪಗಾರದ ಪಟ್ಟಿಯಲ್ಲಿ ನೀವಿಲ್ಲ. ನಿಮ್ಮ ಯಜಮಾನರೂ ಇಲ್ಲ. ಮುಂಜಾನೆ ಆಟೊದಲ್ಲಿ ರೊಟ್ಟಿ ಹಾಕಿ ಬರೋದು, ವಸೂಲಿ ಮಾಡೋದು ಅವರೇ ಅಲ್ವಾ?

ನನ್ನ ಪ್ರಕಾರ ನಿಮ್ಮ ಇಡೀ ಗೊಂದಲ ಇಲ್ಲಿಂದಲೇ ಹುಟ್ಟಿದ್ದು. ತನ್ನ ದುಡಿಮೆಗೆ ಬೆಲೆ ಹಾಕದ ಮಾಲೀಕರಿಗೆ ತಮ್ಮ ವ್ಯಾಪಾರ ಗೆದ್ದಿದೆಯೋ ಸೋತಿದೆಯೋ ಗೊತ್ತಾಗೋದೇ ಇಲ್ಲ. ಆಗ ಊರವರ ಮಾತೇ ತಕ್ಕಡಿ ಆಗಿಬಿಡುತ್ತದೆ. ಯಾರ ಬೋರ್ಡ್ ದೊಡ್ಡದು, ಯಾರದು ಎಷ್ಟು ಅಂಗಡಿ ಅಂತ ಎಣಿಸೋದು ಸುಲಭ ನೋಡಿ.

ಬನ್ನಿ, ನಿಮ್ಮ ಪುಸ್ತಕದ ಅಂಕಿಯನ್ನೇ ಹಿಡಿದು ಲೆಕ್ಕ ಹಾಕೋಣ. ದಿನಕ್ಕೆ 1,200 ರೊಟ್ಟಿ, 7 ರೂಪಾಯಿಯಂತೆ 8,400. ತಿಂಗಳಿಗೆ 26 ದಿನ ಕೆಲಸ, ಅಂದರೆ 2,18,400. ದಿನಕ್ಕೆ 75 ಕಿಲೋ ಹಿಟ್ಟು, ಬೀಸಿದ ಕೂಲಿ ಸೇರಿ ಕಿಲೋಗೆ 50, ತಿಂಗಳಿಗೆ 97,500. ಕೈಗೆಲಸ ರೊಟ್ಟಿಗೆ ಒಂದೂವರೆ ರೂಪಾಯಿ, ತಿಂಗಳಿಗೆ 46,800. ಗ್ಯಾಸ್ 17,100. ಬಾಡಿಗೆ 6,000, ಆಟೊ 7,000, ಪ್ಯಾಕಿಂಗ್ 4,000, ಚಿಲ್ಲರೆ ಖರ್ಚು 3,000. ಎಲ್ಲ ಕೂಡಿಸಿದರೆ 1,81,400. ಉಳಿದದ್ದು 37,000. ನೀವು ಹೇಳಿದ್ದು ಸರಿಯಾಗಿದೆ.

ಈಗ ನೀವು ಒಂದು ವರ್ಷ ಮಗಳ ಹತ್ತಿರ ಹೋಗಿ ಇರುತ್ತೀರಿ ಅಂತ ಇಟ್ಟುಕೊಳ್ಳಿ. ನಿಮ್ಮ ಜಾಗಕ್ಕೆ, ದಿನಕ್ಕೆ ಹನ್ನೊಂದು ತಾಸು ನಿಂತು ನೋಡಿಕೊಳ್ಳುವ ಒಬ್ಬರು ಬೇಕು. 18 ಸಾವಿರಕ್ಕಿಂತ ಕಡಿಮೆಗೆ ಯಾರೂ ಬರಲಿಕ್ಕಿಲ್ಲ. ಯಜಮಾನರ ಕೆಲಸಕ್ಕೆ 12 ಸಾವಿರ ಹಿಡಿಯಿರಿ. ಎರಡೂ ಸೇರಿ 30 ಸಾವಿರ. ನಿಮ್ಮ ರೊಟ್ಟಿ ಕೇಂದ್ರದ ನಿಜವಾದ ಲಾಭ ತಿಂಗಳಿಗೆ 7,000 ರೂಪಾಯಿ. ಮಿಕ್ಕ 30 ಸಾವಿರ ನಿಮ್ಮಿಬ್ಬರ ಪಗಾರ. ಅದನ್ನು ಇಷ್ಟು ವರ್ಷ ಲಾಭ ಅಂತ ಕರೆದಿದ್ದೀರಿ.

ಬೇಜಾರು ಮಾಡಿಕೊಳ್ಳಬೇಡಿ. ಗಂಡ ಹೆಂಡತಿ ಸೇರಿ ಒಂದು ಅಂಗಡಿ ಹಿಡಿದು ನಡೆಸುವ ಕಡೆ ಹತ್ತರಲ್ಲಿ ಎಂಟು ಲೆಕ್ಕ ಹೀಗೇ ಇರುತ್ತದೆ ಅನ್ನೋದು ನನ್ನ ಅನುಭವ.

ಈಗ ಡೀಲರ್ ಮಾತಿಗೆ ಬರೋಣ. ನಿಮ್ಮ ಒಂದು ರೊಟ್ಟಿಗೆ ಬೀಳುವ ಖರ್ಚು, ನಿಮ್ಮ ಪಗಾರ ಬಿಟ್ಟು, 5 ರೂಪಾಯಿ 81 ಪೈಸೆ. ಅವರು ಕೇಳುತ್ತಿರುವುದು 5.50ಕ್ಕೆ. ಕೈಯಲ್ಲಿ ಬಡಿದು ಕೊಟ್ಟರೆ ಪ್ರತಿ ರೊಟ್ಟಿಗೂ ಕೈಯಿಂದ ಹಾಕಬೇಕು. ಮಷಿನ್ ಹಾಕಿದರೆ ಕೂಲಿ ಇಳಿಯುತ್ತದೆ, ನಿಜ. ಆದರೆ ಹಿಟ್ಟಿಗೇ ರೊಟ್ಟಿಗೆ 3 ರೂಪಾಯಿ 12 ಪೈಸೆ ಹೋಗುತ್ತದೆ. ಉಳಿದ 2 ರೂಪಾಯಿ 38 ಪೈಸೆಯಲ್ಲಿ ಕರೆಂಟು, ಗ್ಯಾಸು, ಸಾಲದ ಕಂತು, ಮಷಿನ್ ಕೈಕೊಟ್ಟ ದಿನದ ನಷ್ಟ, ಬೆಂಗಳೂರಿನವರೆಗಿನ ಸಾಗಣೆ, ದಾರಿಯಲ್ಲಿ ಮುರಿದ ರೊಟ್ಟಿ, ಎಲ್ಲವೂ ಬರಬೇಕು. ಖಡಕ್ ರೊಟ್ಟಿ ಲಾರಿಯಲ್ಲಿ ಹೋದರೆ ಎಷ್ಟು ಪುಡಿ ಆಗುತ್ತದೆ ಅನ್ನೋದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ನನಗೆ ಜಾಸ್ತಿ ಹೆದರಿಕೆ ಆಗಿದ್ದು ಆ 45 ದಿನ ನೋಡಿ. ದಿನಕ್ಕೆ 27,500 ರೂಪಾಯಿಯ ಮಾಲು. 45 ದಿನದಲ್ಲಿ 39 ದಿನ ಕೆಲಸ ಅಂದರೂ 10 ಲಕ್ಷ 72 ಸಾವಿರ ಆ ಡೀಲರ್ ಕೈಯಲ್ಲಿ ಇರುತ್ತದೆ. ಅಷ್ಟರಲ್ಲಿ ಜೋಳದವನು ಉದ್ರಿ ಕೊಡೋದಿಲ್ಲ, ಗ್ಯಾಸಿನವನು ಕೊಡೋದಿಲ್ಲ, ಶನಿವಾರದ ಬಟವಾಡೆ ನಿಲ್ಲೋ ಹಾಗಿಲ್ಲ. ಅಂದರೆ ನೀವು ಸಾಲ ತೆಗೆದು, ಬಡ್ಡಿ ಕಟ್ಟಿ, ಆ ದುಡ್ಡಿನಲ್ಲಿ ಅವರ ವ್ಯಾಪಾರ ನಡೆಸಿಕೊಟ್ಟ ಹಾಗೆ. ನಿಮ್ಮದು ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ಉದ್ಯಮ್ ನೋಂದಣಿ ಮಾಡಿಸಿದ್ದರೆ (ಅದು ಪೂರ್ತಿ ಉಚಿತ, ಯಾರಿಗೂ ಒಂದು ಪೈಸೆ ಕೊಡಬೇಡಿ) 2006ರ ಎಂಎಸ್‌ಎಂಇ ಕಾನೂನಿನ ರಕ್ಷಣೆ ಸಿಗುತ್ತದೆ. ಬರವಣಿಗೆಯಲ್ಲಿ ಕರಾರು ಇದ್ದರೂ 45 ದಿನ ದಾಟುವಂತಿಲ್ಲ, ಕರಾರೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಕಾನೂನು ಗಟ್ಟಿಯಾಗಿದೆ. ಆದರೆ ನಿಮ್ಮ ಮಾಲಿನ ಮುಕ್ಕಾಲು ಪಾಲು ಕೊಳ್ಳುವ ಒಬ್ಬನೇ ಗಿರಾಕಿಯ ಮೇಲೆ ನೀವು ದೂರು ಕೊಡುತ್ತೀರಾ? ಕೊಟ್ಟವರನ್ನು ನಾನು ನೋಡಿಲ್ಲ.

ಸಹಾಯಧನದ ಬಗ್ಗೆ ಯಾರಾದರೂ ಹೇಳೇ ಹೇಳುತ್ತಾರೆ, ಅದಕ್ಕೆ ನಾನೇ ಹೇಳಿಬಿಡುತ್ತೇನೆ. ಸಣ್ಣ ಆಹಾರ ಉದ್ದಿಮೆಗಳಿಗೆ 2020ರಲ್ಲಿ ಬಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಶೇ 35ರಷ್ಟು, ಹೆಚ್ಚೆಂದರೆ 10 ಲಕ್ಷ ಸಹಾಯಧನ ಇಟ್ಟಿದ್ದರು. ಕರ್ನಾಟಕ ಸರ್ಕಾರ ಅದರ ಮೇಲೆ ಇನ್ನೂ ಶೇ 15 ಸೇರಿಸಿತು. ಎಷ್ಟೋ ರೊಟ್ಟಿ ಮಷಿನ್‌ಗಳು ಹೀಗೇ ಬಂದಿವೆ, ಚೆನ್ನಾಗಿ ನಡೆಯುತ್ತಲೂ ಇವೆ. ನಿಮಗೆ ಮುಂದೆ ಬೇಕು ಅನಿಸಿದರೆ ಕೃಷಿ ಇಲಾಖೆಯ ಆಫೀಸಿಗೆ ಹೋಗಿ ಈಗ ಏನಿದೆ ಅಂತ ಕೇಳಿ. ಸಹಾಯಧನ ಸಿಗುತ್ತದೆ ಅಂತ ಮಾತ್ರ ಮಷಿನ್ ತರಬೇಡಿ. ಅರ್ಧ ದುಡ್ಡಿಗೆ ಬಂತು ಅಂತ ತಂದ ಮಷಿನ್‌ಗೂ ಪೂರ್ತಿ ಗಿರಾಕಿ ಬೇಕಾಗುತ್ತಾರೆ.

ಹಾಗಾದರೆ ನಿಮ್ಮ ಮನಸ್ಸಿಲ್ಲದಿರುವಿಕೆ ಹೆದರಿಕೆ ಅಲ್ಲ ಅಂತಾಯಿತು. ಹನ್ನೊಂದು ವರ್ಷ ಹಿಟ್ಟಿನಲ್ಲಿ ಕೈ ಇಟ್ಟವರಿಗೆ ಲೆಕ್ಕ ಬರೆಯುವ ಮೊದಲೇ ವಾಸನೆ ಬರುತ್ತದೆ. ನಿಮಗೂ ಬಂದಿದೆ.

ಆದರೆ ಅಕ್ಕಾ, ಹೆದರಿಕೆ ಬೇರೆ ಒಂದು ಕಡೆ ಇದೆ. ಎರಡೂವರೆ ವರ್ಷದ ಹಿಂದಿನ ಪುಟದ ಫೋಟೋವನ್ನೂ ಕಳಿಸಿದ್ದೀರಲ್ಲ, ಅಲ್ಲಿ ಹಿಟ್ಟು ಬೀಸಿದ ಕೂಲಿ ಸೇರಿ ಕಿಲೋಗೆ 38 ಅಂತಿದೆ. ಈಗ 50. ರೊಟ್ಟಿಯ ರೇಟು ಆಗಲೂ 7, ಈಗಲೂ 7. ಕಿಲೋಗೆ 12 ರೂಪಾಯಿ ಏರಿದ್ದು ಒಂದು ರೊಟ್ಟಿಗೆ 75 ಪೈಸೆ ಆಯಿತು. ತಿಂಗಳಿಗೆ 31,200 ರೊಟ್ಟಿ. ಅಂದರೆ ತಿಂಗಳಿಗೆ 23,400 ರೂಪಾಯಿಯ ಹೊರೆ. ಇದನ್ನು ಖಾನಾವಳಿಯವರು ಹೊರಬೇಕಿತ್ತು, ನೀವು ಹೊತ್ತಿದ್ದೀರಿ. ಯಾಕೆ ಕೇಳಲಿಲ್ಲ? ಪತ್ರದಲ್ಲಿ ಇದರ ಬಗ್ಗೆ ಒಂದು ಅಕ್ಷರವೂ ಇಲ್ಲ. ಅವರು ಬೇರೆಯವರ ಹತ್ತಿರ ಹೋಗಿಬಿಟ್ಟಾರು ಅಂತ ಅನಿಸಿರಬೇಕು.

ಬರೀ 50 ಪೈಸೆ ಕೇಳಿ. ಏಳೂವರೆ ರೂಪಾಯಿ ಮಾಡಿ. ತಿಂಗಳಿಗೆ 15,600 ಬರುತ್ತದೆ, ಒಂದು ಸಾಲವಿಲ್ಲದೆ, ಒಂದು ರೊಟ್ಟಿ ಜಾಸ್ತಿ ಬಡಿಯದೆ. ನಿಮ್ಮ 7 ಸಾವಿರದ ಲಾಭ 22,600 ಆಗುತ್ತದೆ. ಖಾನಾವಳಿಯವರಿಗೆ ಊಟಕ್ಕೆ ಎರಡು ರೊಟ್ಟಿ ಅಂದರೆ ಒಂದು ತಾಟಿಗೆ ಒಂದು ರೂಪಾಯಿ ಹೆಚ್ಚು ಬಿತ್ತು, ಅಷ್ಟೇ. ಅವರು ಕಳೆದ ಎರಡೂವರೆ ವರ್ಷದಲ್ಲಿ ಊಟದ ರೇಟು ಎಷ್ಟು ಸಲ ಏರಿಸಿದ್ದಾರೆ, ಗೋಡೆಯ ಬೋರ್ಡ್ ನೋಡಿ ಬನ್ನಿ. ಒಂದೇ ದಿನ ಎಲ್ಲರಿಗೂ ಹೇಳಬೇಡಿ. ಹಾಸ್ಟೆಲ್‌ನವರಿಗೆ ಮೊದಲು, ಒಂದು ತಿಂಗಳ ಮುಂಚೆ, ಚೀಟಿಯಲ್ಲಿ ಬರೆದು ಕೊಡಿ. ಜೋಳದ ಹಳೆ ಬಿಲ್ಲು, ಹೊಸ ಬಿಲ್ಲು ಎರಡೂ ಜೊತೆಗಿರಲಿ. ಒಬ್ಬಿಬ್ಬರು ಬಿಟ್ಟು ಹೋಗಬಹುದು. ದಿನಕ್ಕೆ 100 ರೊಟ್ಟಿ ಕಡಿಮೆಯಾದರೂ ನೀವು ಈಗಿನದಕ್ಕಿಂತ ಮೇಲೇ ಇರುತ್ತೀರಿ.

ಗೆದ್ದೆನೋ ಸೋತೆನೋ ಅಂತ ಯಾವುದನ್ನು ನೋಡಿ ಹೇಳಿಕೊಳ್ಳಲಿ ಅಂದಿರಿ. ಮಂದಿ ಏನು ನೋಡುತ್ತಾರೆ ಅನ್ನೋದಕ್ಕೆ ನಮ್ಮ ಪಕ್ಕದ ಧಾರವಾಡವೇ ಇದೆ. ಒಂದೇ ಊರು, ಒಂದೇ ಪೇಡಾ, ಎರಡು ದಾರಿ. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ 19ನೇ ಶತಮಾನದಲ್ಲಿ ಬಂದ ಠಾಕೂರ್ ಮನೆತನದವರು ಲೈನ್ ಬಜಾರಿನ ಒಂದು ಚಿಕ್ಕ ಅಂಗಡಿಯಲ್ಲೇ ತಲೆಮಾರುಗಟ್ಟಲೆ ಪೇಡಾ ಮಾಡಿ ಮಾರಿದರು. ಮಾಡಿದ್ದು ಮುಗಿದರೆ ಮುಗೀತು, ನಾಳೆ ಬನ್ನಿ. ಜನ ಅಂಗಡಿ ತೆರೆಯುವ ಮೊದಲೇ ಬಂದು ಸಾಲು ನಿಲ್ಲುತ್ತಿದ್ದರು, ಇವತ್ತೂ ನಿಲ್ಲುತ್ತಾರೆ. ಮಿಶ್ರಾ ಅವರ ಮನೆತನ 1933ರಲ್ಲಿ ಶುರು ಮಾಡಿ, ಮುಂದೆ ಊರೂರಿಗೆ ಅಂಗಡಿ ಇಟ್ಟಿತು, ಬಸ್ ಸ್ಟ್ಯಾಂಡಿನಲ್ಲೂ ಸಿಗುವ ಹಾಗೆ ಮಾಡಿತು. ಇಬ್ಬರಲ್ಲಿ ಯಾರು ಸೋತರು? ಧಾರವಾಡದವರನ್ನು ಕೇಳಿದರೆ ನನಗೆ ಅವರದೇ ರುಚಿ, ನನಗೆ ಇವರದೇ ರುಚಿ ಅಂತ ಜಗಳ ಆಡಿಯಾರು, ಸೋತವರು ಯಾರು ಅಂತ ಮಾತ್ರ ಯಾರೂ ಹೇಳೋದಿಲ್ಲ. ಬೆಂಗಳೂರಿನ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಶುರುವಾಗಿದ್ದು 1943ರಲ್ಲಿ. ದಶಕಗಟ್ಟಲೆ ಅದೊಂದೇ ಜಾಗ, ಶುಕ್ರವಾರ ಬಾಗಿಲು ಹಾಕುವ ಪದ್ಧತಿ. ಅಷ್ಟು ಜನ ಕಾಯುವ ಹೋಟೆಲ್ ಕೂಡ ವಾರದಲ್ಲಿ ಒಂದು ದಿನ ಬಾಗಿಲು ಹಾಕಬಹುದು ಅಂದ ಮೇಲೆ ನೀವು ಪಂಚಮಿಗೆ ತವರಿಗೆ ಹೋಗಬಹುದು ಅಲ್ವಾ?

ಬೆಳೆಯೋದು ತಪ್ಪು ಅಂತ ನಾನು ಹೇಳುತ್ತಿಲ್ಲ. ನಾಳೆ ನಿಮಗೇ ಬೆಳೆಯಬೇಕು ಅನಿಸಿದರೂ ಮಷಿನ್ ಒಂದೇ ದಾರಿ ಅಲ್ಲ. 1959ರ ಮಾರ್ಚ್‌ನಲ್ಲಿ ಮುಂಬೈಯ ಗಿರಗಾಂವ್‌ನಲ್ಲಿ ಏಳು ಜನ ಹೆಣ್ಣುಮಕ್ಕಳು 80 ರೂಪಾಯಿ ಸಾಲ ಮಾಡಿ ಮನೆಯ ಮಾಳಿಗೆ ಮೇಲೆ ಹಪ್ಪಳ ಮಾಡಲು ಕೂತರು. ಲಿಜ್ಜತ್ ಪಾಪಡ್ ಆಗಿದ್ದು ಹಾಗೆ. ಕಲಸಿದ ಹಿಟ್ಟನ್ನು ಬೆಳಿಗ್ಗೆ ಕೊಂಡು ಹೋಗಿ, ಮನೆಯಲ್ಲೇ ಲಟ್ಟಿಸಿ, ಒಣಗಿಸಿ ತಂದು ಕೊಟ್ಟು ಕೂಲಿ ಪಡೆಯುವ ಪದ್ಧತಿಯ ಮೇಲೆ ಅದು ಸಾವಿರಾರು ಹೆಣ್ಣುಮಕ್ಕಳ ಸಂಸ್ಥೆ ಆಯಿತು. ಶುರು ಮಾಡಿದ ಏಳು ಜನರಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ನಿಮ್ಮ ಓಣಿಯಲ್ಲೂ ಮನೆ ಬಿಟ್ಟು ಬರಲಾಗದ ಆದರೆ ಕೈ ಚೆನ್ನಾಗಿರುವ ನಾಲ್ಕು ಜನ ಇರಬಹುದು. ಹಿಟ್ಟು ಕೊಟ್ಟು ರೊಟ್ಟಿ ಎಣಿಸಿಕೊಳ್ಳೋದು ನಮ್ಮ ಕಡೆ ಹೊಸದೇನಲ್ಲ.

ನನ್ನದೇ ಒಂದು ವಿಷಯ ಹೇಳಬೇಕು. 2014ರಲ್ಲಿ ನಾನು ಬೆಳಗಾವಿಯಲ್ಲಿ ಎರಡನೇ ಆಫೀಸ್ ತೆರೆದೆ. ಅಲ್ಲಿ ನನಗೆ ಅಂಥಾ ಕೆಲಸವೇನೂ ಇರಲಿಲ್ಲ. ನನ್ನ ಜೊತೆ ಓದಿದ ಗೆಳತಿ ಎರಡು ಕಡೆ ಆಫೀಸ್ ಮಾಡಿದ್ದಳು, ಅದು ನನ್ನನ್ನು ಕೊರೆಯುತ್ತಿತ್ತು. ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಓಡಾಡಿದೆ. ಹುಬ್ಬಳ್ಳಿಯ ಹಳೆ ಗಿರಾಕಿಗಳ ಫೋನು ಎತ್ತಲಾಗಲಿಲ್ಲ. ಮಗನಿಗೆ ಆಗ ಎಂಟು ವರ್ಷ, ಅವನು ಈಜು ಕಲಿತದ್ದನ್ನು ನಾನು ನೋಡಲೇ ಇಲ್ಲ. 16 ತಿಂಗಳಿಗೆ ಬಾಗಿಲು ಹಾಕಿದೆ, ನಾಲ್ಕು ಲಕ್ಷ ಹೋಯಿತು. ಮುಚ್ಚಿದ ಮೇಲೆ ಒಂದು ರಾತ್ರಿ ಕೂತು, ನನಗೆ ತಿಂಗಳಿಗೆ ಎಷ್ಟು ಬೇಕು, ಎಷ್ಟು ತಾಸು ದುಡಿಯಬಲ್ಲೆ, ಯಾವುದನ್ನು ಮಾತ್ರ ಬಿಟ್ಟುಕೊಡೋದಿಲ್ಲ ಅಂತ ಒಂದು ಹಾಳೆಯಲ್ಲಿ ಬರೆದೆ. ಆ ಹಾಳೆ ಮೊದಲೇ ಇದ್ದಿದ್ದರೆ ಬೆಳಗಾವಿಗೆ ಹೋಗುತ್ತಲೇ ಇರಲಿಲ್ಲ. ಅದು ಇವತ್ತಿಗೂ ನನ್ನ ಮೇಜಿನ ಗಾಜಿನ ಕೆಳಗೆ ಇದೆ. ವರ್ಷಕ್ಕೊಮ್ಮೆ, ಏಪ್ರಿಲ್ ಮೊದಲ ವಾರ, ಅಂಕಿ ತಿದ್ದುತ್ತೇನೆ.

ನೀವೂ ಅಂಥಾದ್ದೊಂದು ಬರೆಯಿರಿ. ನನ್ನದು ನಿಮಗೆ ಹೊಂದೋದಿಲ್ಲ, ನಿಮ್ಮ ಪತ್ರ ಓದಿದರೆ ನಿಮ್ಮದು ಅರ್ಧ ಆಗಲೇ ಬರೆದಾಗಿದೆ. ಪಗಾರ ನಿಲ್ಲಬಾರದು ಅನ್ನೋದು ಒಂದು. ಅದನ್ನು ಮೇಲೆ ಹಾಕಿ. ಯಾವ ಡೀಲರ್ ಬಂದರೂ, ಯಾವ ಹೊಸ ಆರ್ಡರ್ ಬಂದರೂ, ಇದು ಬಂದರೆ ನಮ್ಮ ಶನಿವಾರ ತಪ್ಪುತ್ತದೆಯಾ ಅಂತ ಮೊದಲು ಕೇಳಿಕೊಳ್ಳಿ. ತಪ್ಪುವ ಹಾಗಿದ್ದರೆ ಅಲ್ಲಿಗೇ ಮುಗಿಯಿತು. ಮಣಿಕಟ್ಟು ಇನ್ನೊಂದು. ಬಡಿಯುತ್ತಲೇ ಇದ್ದರೆ ಅದು ವಾಸಿ ಆಗೋದು ಕಷ್ಟ, ಡಾಕ್ಟರಿಗೆ ತೋರಿಸಿ, ಮುಲಾಮು ಹಚ್ಚಿ ತಳ್ಳಬೇಡಿ. ಕೈ ಹೋದರೆ ಕೇಂದ್ರವೂ ಹೋಗುತ್ತದೆ, ಈಗಿನ ಮಟ್ಟಿಗೆ ಅದು ನಿಮ್ಮ ಕೈ ಮೇಲೇ ನಿಂತಿದೆ.

ತವರಿನ ಮಾತಂತೂ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಪಂಚಮಿ ಅಂದರೆ ನಮ್ಮ ಕಡೆ ಹೆಣ್ಣುಮಕ್ಕಳಿಗೆ ಏನು ಅಂತ ಬಿಡಿಸಿ ಹೇಳಬೇಕಾ? ಅಣ್ಣ ಕರೆಯಲು ಬರೋದು, ಉಂಡಿ ಕಟ್ಟೋದು, ಬೇವಿನ ಗಿಡಕ್ಕೆ ಜೋಕಾಲಿ. ನಾಲ್ಕು ವರ್ಷ ನೀವು ಅದಕ್ಕೆ ಹೋಗಿಲ್ಲ, ಯಾಕೆಂದರೆ ನೀವಿಲ್ಲದೆ ಒಂದು ದಿನವೂ ಕೇಂದ್ರ ನಡೆಯೋದಿಲ್ಲ. ಮೂರು ಅಂಗಡಿ ಇದೆಯಾ ಅಂತ ಕೇಳುವವರು ಇದನ್ನು ಕೇಳೋದಿಲ್ಲ. ನಾನು ನನ್ನ ಗಿರಾಕಿಗಳಿಗೆಲ್ಲ ಮೊದಲು ಕೇಳೋದೇ ಇದನ್ನು: ನೀವಿಲ್ಲದೆ ಎಷ್ಟು ದಿನ ನಡೆಯುತ್ತದೆ? ನಿಮ್ಮದು ಸೊನ್ನೆ. ಈ ವರ್ಷ ಅದನ್ನು ಐದು ಮಾಡೋಣ.

ಹೇಗೆ ಅಂದರೆ, ಏಳೂವರೆ ರೇಟು ಕುದುರಿದ ತಿಂಗಳಿನಿಂದ ಹೆಚ್ಚಿಗೆ ಬರುವ 15,600ರಲ್ಲಿ 12 ಸಾವಿರ ಒಬ್ಬರಿಗೆ ಎತ್ತಿಡಿ. ಹೊರಗಿನವರನ್ನು ತರಬೇಡಿ. ಆ ಆರು ಜನರಲ್ಲೇ ಲೆಕ್ಕ ಬರುವವರು, ಬಾಯಿ ಗಟ್ಟಿ ಇರುವವರು ಒಬ್ಬರು ಇದ್ದೇ ಇರುತ್ತಾರೆ. ಅವರನ್ನು ಮೇಲ್ವಿಚಾರಣೆಗೆ ಹಾಕಿ, ಬಡಿಯಲು ಹೊಸಬರೊಬ್ಬರನ್ನು ತೆಗೆದುಕೊಳ್ಳಿ. ಮೊದಲ ತಿಂಗಳು ಬೆಳಗಿನ ಹಿಟ್ಟಿನ ಅಳತೆ ಮಾತ್ರ ಅವರ ಕೈಗೆ. ಎರಡನೇ ತಿಂಗಳು ಎಣಿಕೆ ಮತ್ತು ಪ್ಯಾಕಿಂಗ್. ಆಮೇಲೆ ಬಟವಾಡೆ ಬರೆಯೋದು. ಹಂಚು ಸರಿ ಕಾಯಿತೋ ಇಲ್ಲವೋ ನೋಡೋದನ್ನು ಕೊನೆಗೆ ಬಿಟ್ಟುಕೊಡಿ, ನಿಮಗೆ ಅದೇ ಕಷ್ಟ ಆಗೋದು. ಕೆಲಸ ಇರುವ ಒಂದು ದಿನ ಮನೆಯಲ್ಲೇ ಇದ್ದು ನೋಡಿ, ಫೋನು ಮಾಡದೆ. ತಪ್ಪು ಆಗುತ್ತವೆ. ನಿಮ್ಮಿಂದಲೂ ಮೊದಲ ವರ್ಷ ಆಗಿದ್ದವಲ್ಲ.

ಉಳಿದ 3,600 ರೂಪಾಯಿಯನ್ನು, ಅದರ ಜೊತೆ ಆ ಹಳೆಯ 7,000ವನ್ನು, ಬೇರೆ ಖಾತೆಯಲ್ಲಿ ಹಾಕಿ. ಮನೆ ಖರ್ಚಿಗೆ ಅದನ್ನು ಮುಟ್ಟಬೇಡಿ. ಮೂರು ತಿಂಗಳ ಪಗಾರದಷ್ಟು, ಸುಮಾರು ಒಂದು ಲಕ್ಷ 40 ಸಾವಿರ ಸೇರುವವರೆಗೆ ಹಾಗೇ ಬೆಳೆಯಲಿ. ಮತ್ತೆ 2020ರಂಥ ತಿಂಗಳುಗಳು ಬಂದರೆ ನೀವು ಬಂಗಾರ ಹುಡುಕಬಾರದು.

ಮೈದುನನ ಮಗನ ಬಗ್ಗೆ ಒಂದು ಮಾತು. ಅವನ ಮೂರು ಅಂಗಡಿ ಚೆನ್ನಾಗಿ ನಡೆಯುತ್ತಿರಬಹುದು, ನಡೆಯಲಿ. ಅವನ ಕಂತು ಎಷ್ಟು, ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತಾನೆ ಅನ್ನೋದು ಬೋರ್ಡ್ ಮೇಲೆ ಬರೆದಿರೋದಿಲ್ಲ. ಅವನ ವಯಸ್ಸು ಬೇರೆ, ಊರು ಬೇರೆ. ಮುಂದಿನ ಮದುವೆಯಲ್ಲಿ "ಇನ್ನೂ ಅಲ್ಲೇ ಇದ್ದೀರಾ" ಅಂದರೆ "ಹೌದ್ರಿ, ಅಲ್ಲೇ ಇದ್ದೇವೆ" ಅನ್ನಿ, ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿ.

ಡೀಲರ್‌ಗೆ ಈ ವಾರವೇ ಫೋನು ಮಾಡಿ ಆಗೋದಿಲ್ಲ ಅಂತ ಹೇಳಿಬಿಡಿ, ತೂಗಾಡಿಸಬೇಡಿ. ಬೇಕಿದ್ದರೆ ಕೈರೊಟ್ಟಿ ದಿನಕ್ಕೆ 200, ಒಂಬತ್ತು ರೂಪಾಯಿಗೆ, ಸಾಗಣೆ ಅವರದು, ದುಡ್ಡು ಮುಂಗಡ, ಆಗುತ್ತದಾ ಅಂತ ಕೇಳಿ ನೋಡಿ. ಬೆಂಗಳೂರಿನಲ್ಲಿ ನಮ್ಮ ಕಡೆಯ ಜನ ಬಹಳ ಇದ್ದಾರೆ, ಬಡಿದ ರೊಟ್ಟಿ ಯಾವುದು ಮಷಿನ್ ರೊಟ್ಟಿ ಯಾವುದು ಅಂತ ಮುರಿದ ಕೂಡಲೇ ಹೇಳುತ್ತಾರೆ.

ಇನ್ನು ಬರುವ ಶನಿವಾರ ಬಟವಾಡೆ ಬರೆಯುವಾಗ ಆರು ಹೆಸರಿನ ಕೆಳಗೆ ಏಳನೆಯದಾಗಿ ನಿಮ್ಮ ಹೆಸರು, ಎಂಟನೆಯದಾಗಿ ಯಜಮಾನರ ಹೆಸರು ಬರೆಯಿರಿ. ನಿಮಗೆ ವಾರಕ್ಕೆ ಸುಮಾರು 4,150, ಅವರಿಗೆ ಸುಮಾರು 2,750. ದುಡ್ಡು ಎಣಿಸಿ ಕೈಗೆ ತೆಗೆದುಕೊಂಡು, ಉಳಿದವರ ಹಾಗೇ ಮುಂದೆ ಸಹಿ ಮಾಡಿ. ಆ ಪುಟದ ಫೋಟೋ ನನಗೆ ಕಳಿಸಿ.